ನನ್ನದಲ್ಲದ ಕಾರಿಗೆ ಮಲ್ಲಿಗೆ ಮಾಲೆ

ನಾನು ಓದು ನಿಲ್ಲಿಸಿದ್ದು 1978ರಲ್ಲಿ. ಏಳನೇ ಕ್ಲಾಸು ಪಾಸಾಗಿತ್ತು. ಎಂಟಕ್ಕೆ ಹೋಗಲಿಲ್ಲ. ಹೊಸಪೇಟೆಗೆ ಹೋಗಿ ಬಸ್ಸಿನ ಸೀಟು ಹೊಲಿಯೋ ಅಂಗಡಿ ಸೇರಿದೆ.

ಇದನ್ನು ನಾನು ತಲೆ ತಗ್ಗಿಸಿ ಹೇಳಿದವನಲ್ಲ. ಈ ಅಂಕಣ ಓದುವ ನಿಮಗೆ ಅದು ಗೊತ್ತು. (ಎತ್ತಿದ ತಲೆ ಸ್ವಲ್ಪ ಜಾಸ್ತಿಯೇ ಎತ್ತಿದ್ದೀರಿ ಅಂತ ಸಂಪಾದಕರು ಆಗಾಗ ಗೊಣಗುತ್ತಾರೆ.) ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ನೀವು ಬಸ್ಸು, ಜೀಪು, ಟೆಂಪೊ ಯಾವುದನ್ನೇ ಹತ್ತಿ ಕೂತಿದ್ದರೂ ಒಂದಲ್ಲ ಒಂದು ಸಲ ನನ್ನ ಕೈಕೆಲಸದ ಮೇಲೆ ಕೂತಿರುತ್ತೀರಿ. ಡಿಗ್ರಿ ಇದ್ದವರೂ ಕೂತಿದ್ದಾರೆ. ಯಾರೂ ಎದ್ದು ನಿಂತು ಹೊಲಿದವನು ಎಷ್ಟು ಓದಿದ್ದಾನೆ ಅಂತ ಕೇಳಿಲ್ಲ.

ಆದರೆ ಈ ವಾರ ತಲೆ ತಗ್ಗಿಸಿಯೇ ಬರೀತಿದ್ದೇನೆ.

ಹೋದ ವಾರ ನಮ್ಮೂರು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕಾರು ನನ್ನದಾಯಿತು. ಒಂದು ಸಂಜೆ, ಒಂದು ಮುಂಜಾನೆ. ಅದನ್ನು ನಾನು ಕೊಂಡಿರಲಿಲ್ಲ.

ಯಾವ ಕಾರು ಅಂತ ಹೆಸರು ಹಾಕೋದಿಲ್ಲ. ಕಂಪನಿಯವರದು ಏನೂ ತಪ್ಪಿಲ್ಲ, ಅವರ ಹೆಸರನ್ನು ನನ್ನ ಮಾನದ ಜೊತೆ ಯಾಕೆ ಬೀದಿಗೆ ತರಲಿ? ಕಾರಿನ ಖಯಾಲಿ ಇದ್ದವರಿಗೆ ಹೇಳದೆಯೂ ತಿಳಿಯುತ್ತೆ. ಈಚೆಗೆ ಲಾಂಚ್ ಆದ ಸ್ಪೋರ್ಟ್ಸ್ ಸೆಡಾನ್. ನೋಡೋಕೆ ನಾಲ್ಕು ಬಾಗಿಲಿನ ಸಂಸಾರಸ್ಥರ ಗಾಡಿ. ಬಾನೆಟ್ಟಿನ ಕೆಳಗೆ ಇರೋದು ಮಾತ್ರ ಸಂಸಾರಸ್ಥರದಲ್ಲ.

ಅದು ಲಾಂಚ್ ಆದ ದಿನದಿಂದ ನಾಗರಾಜನ ಟೈರ್ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ನಾಗರಾಜ ನನ್ನ ಗೆಳೆಯ. ಕಾರಿನ ಹುಚ್ಚು ಜಾಸ್ತಿ. ಮನೆಯಲ್ಲಿ ಇರೋದು ಮೊಪೆಡ್ಡು. ಟೈರ್ ತರೋಕೆ ಹೊಸಪೇಟೆಗೆ ಹೋದಾಗೆಲ್ಲ ಸೈಬರ್ ಸೆಂಟರಿಗೆ ಹೊಕ್ಕು, ದೇಶದ ತುಂಬ ಇರೋ ಕಾರು ಹುಚ್ಚರು ಇಂಟರ್‌ನೆಟ್ಟಿನಲ್ಲಿ ಏನೇನು ಬರೆದುಕೊಂಡಿದ್ದಾರೆ ಅನ್ನೋದನ್ನು ಪ್ರಿಂಟ್ ಹೊಡೆಸಿಕೊಂಡು ಬರ್ತಾನೆ. ಸಂಜೆ ಹೊತ್ತು ಅದನ್ನು ನಮಗೆ ಕನ್ನಡದಲ್ಲಿ ಓದಿ ಹೇಳೋದು ಅವನ ಕೆಲಸ. ಕೇಳೋದು ನಾನು, ಲಾರಿ ಮೆಕ್ಯಾನಿಕ್ ಮಾಬುಸಾಬ್, ಮತ್ತೆ ಪಂಕ್ಚರಿಗೆ ಬಂದು ಸಿಕ್ಕಿಹಾಕಿಕೊಂಡವರು.

"ಪುಣೆದಾಂವ ಒಬ್ಬ ಇದರ ಎಂಜಿನ್ ಸೌಂಡ್ ಕೇಳಿ ಕಣ್ಣೀರು ಹಾಕ್ಯಾನಂತ ನೋಡ್ರಿ" ಅಂದ ನಾಗರಾಜ.

"ಸೌಂಡಿಗಿ ಹಾಕ್ಯಾನೋ, ಮೈಲೇಜಿಗಿ ಹಾಕ್ಯಾನೋ?" ಅಂತ ಮಾಬುಸಾಬ್.

"ಚೆನ್ನೈದಾಂವ ಒಬ್ಬ ಹಿಂದಿನ ಸೀಟಿನ್ಯಾಗ ಮೊಣಕಾಲು ತಾಗ್ತಾವ ಅಂದಾನ."

ಅಲ್ಲಿಗೆ ನಾನು ಬಾಯಿ ಹಾಕಲೇಬೇಕಾಯಿತು. ಸೀಟಿನ ವಿಷಯ ಬಂದರೆ ನಾನು ಸುಮ್ಮನಿರೋನಲ್ಲ. ಪ್ರಿಂಟಿನ ಮಸುಕು ಫೋಟೊ ನೋಡಿಯೇ ಫೋಮು ಗಟ್ಟಿ ಇದೆ, ತೊಡೆ ಕೆಳಗೆ ಆಸರೆ ಸಾಲದು ಅಂತ ತೀರ್ಪು ಕೊಟ್ಟೆ. ಸೀಟು ಚೆನ್ನಾಗೇ ಇದೆ ಅಂತ ನಾಗರಾಜ ಸಿಟ್ಟಾದ. ಎರಡು ದಿನ ನನ್ನ ಸಂಗಡ ಮಾತು ಬಿಟ್ಟ. ನಮ್ಮಿಬ್ಬರಲ್ಲಿ ಯಾರೂ ಆ ಕಾರನ್ನು ಮುಟ್ಟಿರಲಿಲ್ಲ, ನೋಡಿರಲಿಲ್ಲ, ಕೊಳ್ಳೋ ಮಾತಂತೂ ದೂರ.

ಕೊಳ್ಳೋದಿಲ್ಲ ಅಂತ ಗೊತ್ತಿದ್ದಕ್ಕೇ ಅಷ್ಟು ಗಟ್ಟಿಯಾಗಿ ಜಗಳ ಆಡ್ತಿದ್ವಿ ಅಂತ ಈಗ ಅನ್ನಿಸುತ್ತೆ. ಕೊಳ್ಳೋ ಮನುಷ್ಯ ಸುಮ್ಮನೆ ಹೋಗಿ ಕೊಂಡು ಬರ್ತಾನೆ. ಅಭಿಪ್ರಾಯ ಇರೋದು ನಮ್ಮಂಥವರಿಗೆ. ಕಾರಿಲ್ಲದವನಿಗೆ ಕಾರಿನ ಮೇಲಿರೋ ಒಂದೇ ಹಕ್ಕು ಅಭಿಪ್ರಾಯ, ಅಲ್ಲವೇ?

ಅಂಥಾದ್ದರಲ್ಲಿ ಕಾರೇ ನಮ್ಮೂರಿಗೆ ಬಂತು.

ಈಗ ಸಂಡೂರು, ಹೊಸಪೇಟೆ ಕಡೆ ಗಣಿ ಅದಿರಿನ ದುಡ್ಡು ಹೇಗೆ ಓಡಾಡ್ತಿದೆ ಅಂತ ನಿಮಗೆ ಗೊತ್ತು. ಅದು ಎಲ್ಲೆಲ್ಲಿ ಹರಿದಿದೆ ಅಂತ ವಾಸನೆ ಹಿಡಿದುಕೊಂಡು ಶೋರೂಮಿನವರು ತಾಲ್ಲೂಕು ತಾಲ್ಲೂಕಿಗೆ ಕಾರು ತಂದು ನಿಲ್ಲಿಸ್ತಿದ್ದಾರೆ. ಹೊಸಪೇಟೆಯಲ್ಲಿ ಒಂದು ದಿನ, ನಮ್ಮಲ್ಲಿ ಒಂದು ದಿನ, ಮರುದಿನ ಹರಪನಹಳ್ಳಿ. ಕಲ್ಯಾಣ ಮಂಟಪದ ಮುಂದಿನ ಬಯಲಿನಲ್ಲಿ ಶಾಮಿಯಾನ ಹಾಕಿ, ಕೆಂಪು ಬಣ್ಣದ ಆ ಕಾರನ್ನು ನಿಲ್ಲಿಸಿದ್ದರು. ಜೊತೆಗೆ ಪ್ರಸನ್ನ ಅಂತ ಒಬ್ಬ ಸೇಲ್ಸ್ ಆಫೀಸರ್. ಬೆಂಗಳೂರು ಕಡೆಯವನು. ಆ ಬಿಸಿಲಿನಲ್ಲೂ ಟೈ ಬಿಚ್ಚದ ಮನುಷ್ಯ.

ನಾಗರಾಜ ಅವತ್ತು ಅಂಗಡಿ ತೆಗೆಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕಾರಿನ ಮುಂದೆ ಕೈ ಕಟ್ಟಿ ನಿಂತ. ಮಾಬುಸಾಬ್ ಟವೆಲ್ ಹಾಸಿಕೊಂಡು ಕಾರಿನ ಕೆಳಗೇ ಮಲಗಿಬಿಟ್ಟ. ಪ್ರಸನ್ನ ಟರ್ಬೊ ಅಂದರೇನು ಅಂತ ವಿವರಿಸುತ್ತಿದ್ದಾಗ ಕೆಳಗಿನಿಂದ ಮಾಬುಸಾಬನ ದನಿ ಬಂತು: "ಸಾಹೇಬ್ರ, ಅದೆಲ್ಲ ಇರಲಿ. ಗಾಡಿ ತಳ ಇಷ್ಟು ಕೆಳಗೈತಿ. ಕೂಡ್ಲಿಗಿ ರೋಡಿನ್ಯಾಗ ಹಂಪ್ ಬಂದ್ರ ಎತ್ತಿ ಇಡಾಕ ಮಂದಿ ಕೊಡ್ತೀರೇನ್ರಿ?"

ಇಷ್ಟೇ ಸೆಕೆಂಡಿನಲ್ಲಿ ನೂರರ ಸ್ಪೀಡು ಮುಟ್ಟುತ್ತೆ ಅಂದ ಪ್ರಸನ್ನ. "ಮುಟ್ಟಿ ಎಲ್ಲಿಗಿ ಹೋಗಬೇಕ್ರಿ? ಅಷ್ಟರಾಗ ರೈಲ್ವೆ ಗೇಟ್ ಹಾಕಿರ್ತಾರ" ಅಂತ ಯಾರೋ ಅಂದರು. ಹೆಗಲ ಮೇಲೆ ಕಂಬಳಿ ಹೊತ್ತ ಹಿರಿಯರೊಬ್ಬರು ಡಿಕ್ಕಿ ತೆಗೆಸಿ, ಬಗ್ಗಿ ನೋಡಿ, ಬಹಳ ಹೊತ್ತು ಲೆಕ್ಕ ಹಾಕಿ, ಕುರಿ ಹಿಡಿಯೋದಿಲ್ಲ ಬಿಡು, ಮರಿ ಆದರೆ ಹಿಡಿತಾವ ಅಂದರು. ಪ್ರಸನ್ನ ಅದಕ್ಕೂ ಥ್ಯಾಂಕ್ಯೂ ಅಂದ. ಒಳ್ಳೇ ಸೇಲ್ಸ್‌ಮನ್ ಅಂತ ನನಗೆ ಆವಾಗಲೇ ಅನ್ನಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಎಡವಟ್ಟು ಆಯಿತು. ಹತ್ತಿ ಇಳಿಯುವವರ ಪೈಕಿ ಯಾರದೋ ಬೆಲ್ಟಿನ ಬಕಲ್ ಸಿಕ್ಕಿಕೊಂಡು ಡ್ರೈವರ್ ಸೀಟಿನ ಪಕ್ಕದ ಹೊಲಿಗೆ ಒಂದು ಗೇಣು ಬಿಚ್ಚಿತು. ಪ್ರಸನ್ನನ ಮುಖ ಬಿಳಿಚಿಕೊಂಡಿತು. ನಾಳೆ ಹರಪನಹಳ್ಳಿಯಲ್ಲಿ ಅವನ ಮ್ಯಾನೇಜರೇ ಬರೋರಿದ್ದರು.

"ಇಲ್ಲಿ ಸೀಟ್ ಕೆಲಸ ಮಾಡೋರು ಯಾರಾದ್ರೂ ಇದ್ದಾರಾ?" ಅಂದ. ಬಯಲಿನಲ್ಲಿದ್ದ ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನಗೆ ಬಹಳ ಹಿತವಾಗಿತ್ತು.

ಕಾರನ್ನು ನನ್ನ ಅಂಗಡಿ ಕಂಪೌಂಡಿಗೆ ತಂದು ನಿಲ್ಲಿಸಿದ. ನಾನು ಬಾಗಿದ ಸೂಜಿ ಹಿಡಿದು ಕೂತೆ. ಕಂಪನಿಯ ಹೊಲಿಗೆ ಸಾಲಿನಲ್ಲೇ ಸಾಲು ಹಿಡಿದು, ಒಳಗೆ ಅಂಟಿನ ಸಲ್ಯೂಷನ್ ಹಚ್ಚಿ, ಸಂಜೆ ಹೊತ್ತಿಗೆ ಮುಗಿಸಿದೆ. ಕಣ್ಣಿಗೆ ಗೊತ್ತಾಗೋ ಹಾಗಿರಲಿಲ್ಲ.

ಈಗ ನನ್ನ ಅಂಗಡಿಯ ಒಂದು ಪದ್ಧತಿ ಹೇಳಬೇಕು. ನನ್ನ ಕೈಯಲ್ಲಿ ಸೀಟಿನ ಕೆಲಸ ಆದ ಗಾಡಿ ಯಾವುದೇ ಇರಲಿ, ಹೊರಡೋ ಮೊದಲು ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಒಂದು ಕಾಯಿ ಒಡೆದು ಕಳಿಸ್ತೇನೆ. ಹೊಸಪೇಟೆಯ ನನ್ನ ಉಸ್ತಾದ್ ಕಲಿಸಿದ್ದು. ಕೂತವರು ಸುಖವಾಗಿ ಹೋಗಿ ಮುಟ್ಟಲಿ ಅಂತ. ಸರ್ಕಾರಿ ಜೀಪಿಗೂ ಮಾಡಿದ್ದೇನೆ, ಕಸದ ಟ್ರ್ಯಾಕ್ಟರಿಗೂ ಮಾಡಿದ್ದೇನೆ. ಈ ಕಾರಿಗೂ ಮಾಡಿದೆ. ಕೆಂಪು ಬಾನೆಟ್ಟಿನ ಮೇಲೆ ಮೂರು ಬೆರಳ ವಿಭೂತಿ ಎಳೆದು ಕಾಯಿ ಒಡೆದೆ.

ಪ್ರಸನ್ನನಿಗೆ ಖುಷಿಯಾಯಿತು. "ಒಂದು ರೌಂಡ್ ಹೊಡ್ಕೊಂಡ್ ಬನ್ನಿ ಸರ್" ಅಂದ.

ಸರ್. ನನಗೆ.

ಸ್ಟೇಷನ್ ರೋಡಿನಲ್ಲಿ ಹೋಗಿ, ಬಸ್‌ಸ್ಟ್ಯಾಂಡ್ ಮುಂದೆ ತಿರುಗಿಸಿಕೊಂಡು ಬಂದೆ. ಹಣೆಗೆ ವಿಭೂತಿ, ಕೈಯಲ್ಲಿ ಸ್ಟೇರಿಂಗು. ಹಿಂದಿನ ಸೀಟಿನಲ್ಲಿ ಟೈ ಕಟ್ಟಿದ ಪ್ರಸನ್ನ ಫೋನಿನಲ್ಲಿ ಮಾತಾಡ್ತಾ ಕೂತಿದ್ದ. ಶೋರೂಮಿನವನೇ ಗಾಡಿ ಡೆಲಿವರಿ ಕೊಡೋಕೆ ಬಂದಿದ್ದಾನೆ ಅಂತ ಅಂದುಕೊಳ್ಳೋದಕ್ಕೆ ಇನ್ನೇನು ಬೇಕಿತ್ತು?

ಬಸ್‌ಸ್ಟ್ಯಾಂಡ್ ಹತ್ತಿರ ಹೋಟೆಲಿನ ಯಜಮಾನರು ಅಡ್ಡ ಬಂದು ನಿಲ್ಲಿಸಿದರು.

"ಏನ್ರಿ ಕೊಟ್ರೇಶಪ್ಪ, ಹೊಸಾದೇನು?"

"ಹ್ಞೂಂ, ಹೊಸಾದ."

"ಪೂಜಿ ಆತಾ?"

"ಈಗ ಮಾಡಿ ಬಂದೆ ನೋಡ್ರಿ."

"ಹೆಂಗ ಓಡತೈತಿ?"

"ಬೆಣ್ಣಿ ಓಡಿದಂಗ."

"ಸ್ವೀಟ್ ಯಾವಾಗ ಮತ್ತ?"

"ನೋಡೂನು ತಡೀರಿ."

ಇದರಲ್ಲಿ ಸುಳ್ಳು ಎಲ್ಲಿದೆ, ಹುಡುಕಿ ನೋಡಿ. ಕಾರು ಹೊಸದೇ. ಪೂಜೆ ಆಗಿದ್ದು ನಿಜ. ಓಡಿದ್ದೂ ಬೆಣ್ಣೆಯ ಹಾಗೇ. ಒಂದೇ ಒಂದು ಸುಳ್ಳು ಆಡದೆ ನಾನು ಆ ರೋಡಿನಲ್ಲಿ ಕಂಡವರಿಗೆಲ್ಲ ಸುಳ್ಳು ಹೇಳಿಕೊಂಡು ಬಂದೆ. ಕೈ ಎತ್ತಿದವರಿಗೆಲ್ಲ ಕೈ ಎತ್ತಿದೆ. ಹಾರ್ನ್ ಕೂಡ ಮಾಡಿದೆ.

ಲಾಡ್ಜಿನ ಮುಂದೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಬೆಳಿಗ್ಗೆವರೆಗೂ ನಿಮ್ಮ ಕಂಪೌಂಡಿನಲ್ಲೇ ಇರಲಿ ಅಂದ ಪ್ರಸನ್ನ. ಸಲ್ಯೂಷನ್ ವಾಸನೆ ಹೋಗಲಿ ಅಂತ ಬಾಗಿಲು ಲಾಕ್ ಮಾಡದೆ, ಕೀ ಮಾತ್ರ ಜೇಬಿಗೆ ಹಾಕಿಕೊಂಡು ಹೋದ.

ಅವನು ಹೋಗಿ ಸ್ವಲ್ಪ ಹೊತ್ತಿಗೆ ನಾಗರಾಜ ಬಂದ. "ಲೇ ಕೊಟ್ರ, ಪ್ಯಾಟಿ ತುಂಬ ನೀನ ತಗೊಂಡೀ ಅಂತ ಸುದ್ದಿ ಆಗೇತಿ. ಅಲ್ಲ ಅಂತ ಹೇಳೀಯೋ ಇಲ್ಲೋ?"

"ನಾಳಿ ಗಾಡಿ ಹೋಗತೈತಲ್ಲ. ತಾನ ತಿಳೀತೈತಿ ಬಿಡು" ಅಂದೆ.

ಅವನು ನನ್ನ ಮುಖ ನೋಡಿದ. ಎರಡು ದಿನ ಮಾತು ಬಿಟ್ಟಾಗ ಕೂಡ ನಾಗರಾಜ ನನ್ನನ್ನು ಹಾಗೆ ನೋಡಿರಲಿಲ್ಲ.

ಮರುದಿನ ಮುಂಜಾನೆ ಕಂಪೌಂಡಿನ ಗೇಟು ತೆಗೆದ ಸದ್ದಾಯಿತು. ಪ್ರಸನ್ನ ಬೇಗ ಬಂದನೇನೋ ಅಂತ ಹೊರಗೆ ಬಂದೆ. ಬಂದವಳು ನನ್ನಕ್ಕ ಹಾಲಮ್ಮ.

ಅಕ್ಕನನ್ನು ಕೊಟ್ಟಿರೋದು ಹಡಗಲಿ ತಾಲ್ಲೂಕಿನ ಮಾಗಳಕ್ಕೆ. ಮಲ್ಲಿಗೆ ಬೆಳೆಯೋ ಮನೆತನ. ಅಕ್ಕನ ಗಂಡ ಸಾಧು ಮನುಷ್ಯ, ಮನೆ ನಡೆಸೋದು ಅವರ ಅಣ್ಣ ಮಲ್ಲಪ್ಪ. ಅಕ್ಕನಿಗೆ ಭಾವ, ನನಗೆ ಮಾವ. ಕೆಟ್ಟ ಮನುಷ್ಯ ಅಲ್ಲ. ಆದರೆ ನಮ್ಮ ಕಡೆಯವರು ಅಂದರೆ ಅವರಿಗೆ ಮೊದಲಿನಿಂದಲೂ ಒಂದು ಸಸಾರ. ನನ್ನ ಹೆಸರು ಹಿಡಿದು ಕರೆದಿದ್ದು ಕಡಿಮೆ. "ಸೂಜಿ ದಾರದಾಂವ ಹೆಂಗದಾನ?" ಅಂತ ಅಕ್ಕನನ್ನು ಕೇಳ್ತಿದ್ದರು. ಆ ಮಾತು ಕೇಳಿಕೊಂಡೇ ಅಕ್ಕ ಆ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದಾಳೆ.

ಅವಳ ಹಿಂದೆಯೇ ಗೇಟು ದಾಟಿ ಮಲ್ಲಪ್ಪ ಮಾವನೂ ಬಂದರು.

ಮಾಗಳಕ್ಕೆ ಹೋಗಿ ರಾತ್ರಿ ಅಲ್ಲೇ ತಂಗುವ ಬಸ್ಸಿನ ಡ್ರೈವರ್ ನನ್ನ ಹಳೇ ಗಿರಾಕಿ. ಅವನ ಮೂಲಕ ಸುದ್ದಿ ರಾತ್ರಿಯೇ ಮಾಗಳ ಮುಟ್ಟಿತ್ತು. ಮಾವ ನಂಬಿರಲಿಲ್ಲವಂತೆ. ಇರಲಿಕ್ಕಿಲ್ಲ ಬಿಡವ್ವ, ಯಾರದೋ ರಿಪೇರಿ ಗಾಡಿ ಇದ್ದೀತು ಅಂದರಂತೆ. ಅಕ್ಕ ಪಟ್ಟು ಬಿಟ್ಟಿಲ್ಲ. "ನನ್ನ ತಮ್ಮ ತನ್ನದಲ್ಲದ್ದಕ್ಕ ತನ್ನದು ಅಂತ ಹೇಳೋನಲ್ಲ. ಬರ್ರಿ, ಕಣ್ಣಾರೆ ನೋಡ್ರಿ" ಅಂತ ಅವರನ್ನೂ ಹೊರಡಿಸಿಕೊಂಡು ಅದೇ ಬಸ್ಸಿಗೆ ಬಂದಿದ್ದಳು.

ಇದನ್ನೆಲ್ಲ ಅವಳು ನಗುತ್ತಾ ಹೇಳಿದಳು, ಚೀಲ ಕೆಳಗಿಡುತ್ತಾ.

ಚೀಲದಲ್ಲಿ ಆಯೇರಿ ಇತ್ತು. ಮದುವೆ, ಮನೆ ತುಂಬೋದು, ಹೊಸ ಗಾಡಿ, ಇಂಥದ್ದಕ್ಕೆಲ್ಲ ಸಂಬಂಧಿಕರು ಬಟ್ಟೆಬರೆ ತರೋದು ನಮ್ಮ ಕಡೆ ರೂಢಿ. ನನಗೆ ಅಂಗಿ ಬಟ್ಟೆ, ನನ್ನ ಹೆಂಡತಿಗೆ ಕುಪ್ಪಸದ ಕಣ, ಒಂದು ಟವೆಲ್ಲು, ಕಾಯಿ. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ. ನಸುಕಿನಲ್ಲೇ ಮೊಗ್ಗು ಬಿಡಿಸಿ, ಬಸ್ಸಿನಲ್ಲಿ ಕೂತು ಕಟ್ಟಿಕೊಂಡು ಬಂದಿದ್ದಳು. ಬಾನೆಟ್ಟಿನ ಆ ತುದಿಯಿಂದ ಈ ತುದಿಗೆ ಹಾಕಿದರೂ ಮಾಲೆ ಇನ್ನೂ ಇಳಿಬಿದ್ದಿತ್ತು.

ಮಲ್ಲಪ್ಪ ಮಾವ ಕೈ ಹಿಂದೆ ಕಟ್ಟಿಕೊಂಡು ಕಾರಿಗೆ ಒಂದು ಸುತ್ತು ಬಂದರು. ನಿಂತರು.

"ಇದು ನಿಂದಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, "ಅವಂದಲ್ಲದ ಮತ್ತ ಯಾರದ್ರಿ ಭಾವ? ಅವನ ಅಂಗಳದಾಗ ನಿಂತೈತಿ, ಇಭೂತಿ ಹಚ್ಯಾನ" ಅಂದಳು.

ನಾನು ಬಾಯಿ ಮುಚ್ಚಿದೆ.

ಹಿಂದಿನ ಸಂಜೆ ನಡೆದದ್ದನ್ನು ಬೇಕಾದರೆ ಆಟ ಅನ್ನಿ, ಬಾಯಿ ಚಪಲ ಅನ್ನಿ. ಇದನ್ನು ಏನನ್ನಬೇಕು? ಅಕ್ಕ ತನ್ನ ಮಾತನ್ನು, ಆ ಮನೆಯಲ್ಲಿ ತನಗಿರೋ ಬೆಲೆಯನ್ನು ನನ್ನ ಮೇಲಿಟ್ಟು ಬಂದು ನಿಂತಿದ್ದಾಳೆ. ಅಲ್ಲ ಅಂದರೆ ಮಾವನ ಮುಂದೆ ಅವಳ ಮುಖ ಉಳಿಯೋದಿಲ್ಲ. ಹೌದು ಅಂದರೆ ಇನ್ನು ಸ್ವಲ್ಪ ಹೊತ್ತಿಗೆ ಟೈ ಕಟ್ಟಿದವನು ಬಂದು ಕಾರು ತಗೊಂಡು ಹೋಗ್ತಾನೆ. ಎರಡರಲ್ಲಿ ಯಾವುದನ್ನೂ ಅನ್ನದೆ ನಿಂತೆ. ಅದೊಂದು ನನಗೆ ಹಿಂದಿನ ದಿನದಿಂದ ಚೆನ್ನಾಗಿ ರೂಢಿಯಾಗಿತ್ತು.

"ಒಂದೀಟು ಕುಂದರ್ತೀನಿ ತಡಿ" ಅಂದಳು ಅಕ್ಕ. ಚಪ್ಪಲಿ ಬಿಟ್ಟು, ಸೆರಗು ಸರಿ ಮಾಡಿಕೊಂಡು, ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲೇ ಕೂತಳು. ನಾನು ಬಾಗಿಲ ಹತ್ತಿರ ಬಗ್ಗಿ ನಿಂತೆ.

ನಿಮಗೆ ಒಂದು ವಿಷಯ ಹೇಳಿಲ್ಲ. ನನಗೆ ಸೂಜಿ ಹಿಡಿಯೋದನ್ನು ಮೊದಲು ಕಲಿಸಿದ್ದು ಉಸ್ತಾದ್ ಅಲ್ಲ, ಈ ಅಕ್ಕ. ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯೋವಾಗ ಪಕ್ಕದಲ್ಲಿ ಕೂಡಿಸಿಕೊಂಡು ಟಾಕಿ ಹಾಕೋದನ್ನು ಕಲಿಸಿದ್ದಳು. ನನ್ನ ಹೊಲಿಗೆ ಅವಳ ಕೈಗೆ ಗೊತ್ತು.

ಅವಳು ಸೀಟಿನ ಮೇಲೆ ಕೈಯಾಡಿಸಿದಳು. ಬೆನ್ನಿನ ಕಡೆ, ತೊಡೆಯ ಕಡೆ, ಆಮೇಲೆ ಪಕ್ಕಕ್ಕೆ. ಅಲ್ಲಿ ಬೆರಳು ನಿಂತಿತು. ಮತ್ತೊಮ್ಮೆ ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಕೊಟ್ರ" ಅಂದಳು. ದನಿ ಸಣ್ಣದಾಗಿತ್ತು.

"ಹ್ಞಾಂ ಅಕ್ಕ."

"ಈ ಒಂದು ಗೇಣು ಅಷ್ಟ ನಿಂದು. ಉಳದದ್ದು ನಿಂದಲ್ಲ."

"ಉಳದದ್ದು ಕಂಪನಿಯವರದು."

"ಅದನ್ನ ಅನ್ನಾಕತ್ತೀನಿ. ಹಳೇ ಸ್ಕೂಟರ್ ತಗೊಂಡಾಗ ಮನಿಗಿ ತರೂ ಮೊದಲ ಅದರ ಸೀಟು ಕಿತ್ತು ಒಗದಾಂವ ನೀನು. ಮಂದಿ ಹೊಲದದ್ದು ನಿನಗ ಸೇರೂದಿಲ್ಲ. ಇಷ್ಟು ದೊಡ್ಡ ಗಾಡಿ ತಗೊಂಡು ಒಂದು ಗೇಣು ಹೊಲದು ಬಿಡ್ತಿದ್ದೇನು?"

ನಾನು ಅವಳ ಬರಿಗಾಲನ್ನು ನೋಡಿದೆ. ಕಾರಿನ ಮ್ಯಾಟ್ ಕೊಳೆಯಾಗದ ಹಾಗೆ ಹೆಬ್ಬೆರಳ ಮೇಲೆ ಊರಿ ಇಟ್ಟುಕೊಂಡಿದ್ದಳು.

"ರಿಪೇರಿಗಿ ಬಂದದ್ದು ಅಕ್ಕ" ಅಂದೆ.

ಅವಳು ಇಳಿಯಲಿಲ್ಲ. ಎದುರಿನ ಗಾಜಿನಿಂದ ತಾನು ಹಾಕಿದ ಮಾಲೆ ನೋಡ್ತಾ ಕೂತಳು.

"ಏನವ್ವ, ಇಳೀತೀಯೋ ಇಲ್ಲೋ? ನಾನೂ ಕುಂತು ನೋಡಬೇಕಲ್ಲ" ಅಂತ ಹೊರಗಿನಿಂದ ಮಾವ ಅಂದರು. ಅವರ ದನಿಯಲ್ಲಿ ಸಸಾರ ಇರಲಿಲ್ಲ. ಅದನ್ನು ಕೇಳಿ ಇನ್ನೂ ಕುಗ್ಗಿದೆ.

ಅಷ್ಟರಲ್ಲಿ ಪ್ರಸನ್ನ ಗೇಟು ತೆಗೆದು ಬಂದ. ಕೀ ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸ್ತಾ ಬಂದವನು ಮಾಲೆ ನೋಡಿ ನಿಂತ. "ಏನ್ ಸರ್ ಇದು?"

ನಾನು ಹೇಳಬೇಕಾಗಿತ್ತು. ಹೇಳಬೇಕಾದವನು ನಾನೊಬ್ಬನೇ. ಆದರೆ ಅಕ್ಕ ನನಗಿಂತ ಮೊದಲು ಇಳಿದಳು. ಚಪ್ಪಲಿ ಮೆಟ್ಟಿಕೊಂಡು, ಮಾವನ ಕಡೆ ತಿರುಗಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದಳು.

"ಭಾವ, ಈ ಗಾಡಿ ಸೀಟು ಇವಗ ಮನಸ್ಸಿಗಿ ಬಂದಿಲ್ಲಂತ. ಹೊಲಿಗಿ ಬಿಚ್ಚೇತಿ. ವಾಪಸ್ ಕೊಡಾಕತ್ತಾನ. ನಾನೂ ಕುಂತು ನೋಡಿದೆ, ಕೊಡೂದ ಚೊಲೋ ಅಂದೆ."

ಪ್ರಸನ್ನ ಅವಳನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬಾಯಿಗೆ ಬಂದದ್ದು ನಿಜವೇ: "ಹೌದಮ್ಮ, ಸೀಟ್ ಕಂಪ್ಲೇಂಟ್ ಇತ್ತು. ಅದಕ್ಕೇ ಇಲ್ಲಿ ಬಿಟ್ಟಿದ್ದು."

ನನ್ನಕ್ಕ ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಚಿಕ್ಕವರಿದ್ದಾಗ ಬೆಲ್ಲ ಕದ್ದವನು ನಾನು ಅಂತ ನನ್ನ ಎದುರಿಗೇ ಅವ್ವನಿಗೆ ಹೇಳಿಕೊಟ್ಟವಳು. ಆವತ್ತು ನಾನು ಅತ್ತರೂ ಕರಗಿರಲಿಲ್ಲ. ಅಂಥವಳು ನನ್ನ ಸಲುವಾಗಿ, ನನ್ನ ಅಂಗಳದಲ್ಲಿ ನಿಂತು, ತಡವರಿಸದೆ ಸುಳ್ಳು ಹೇಳಿದಳು.

ಮಲ್ಲಪ್ಪ ಮಾವ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇಂಥಾ ಗಾಡಿ ಒಂದು ಹೊಲಿಗಿ ಸಲುವಾಗಿ ವಾಪಸ್ ಕೊಡ್ತೀ ಅಂದ್ರ, ಕಸುಬು ಅಂದ್ರ ಇದಪ್ಪ ಕೊಟ್ರೇಶಿ. ನಾ ನಿನ್ನ ಹಗರ ತಿಳದಿದ್ದೆ" ಅಂದರು.

ಹೆಸರು ಹಿಡಿದು ಕರೆದರು. ಎಷ್ಟೋ ವರ್ಷದಿಂದ ಆ ಬಾಯಿಂದ ಇಂಥ ಒಂದು ಮಾತು ಬರಲಿ ಅಂತ ಕಾದಿದ್ದೆ. ಸಿಕ್ಕಿತು. ಹೇಗೆ ಸಿಕ್ಕಿತು ನೋಡಿ. ನಾನು ಹೊಲಿದ ಸಾವಿರ ಸೀಟಿಗೆ ಸಿಗದ ಮರ್ಯಾದೆ, ನಾನು ಕೊಳ್ಳದ ಕಾರನ್ನು ವಾಪಸ್ ಕೊಟ್ಟಿದ್ದಕ್ಕೆ ಸಿಕ್ಕಿತು.

ಮಾಲೆ ತೆಗೆಯೋಣ ಅಂತ ನಾನು ಮುಂದಾದೆ. "ಇರಲಿ ಬಿಡಿ ಸರ್" ಅಂದ ಪ್ರಸನ್ನ. ಕೆಂಪು ಕಾರು ಮಾಗಳದ ಮಲ್ಲಿಗೆ ಹಾಕಿಕೊಂಡು ಹರಪನಹಳ್ಳಿ ಕಡೆ ಹೋಯಿತು.

ಅಕ್ಕನನ್ನು ಬಸ್ಸಿಗೆ ಬಿಡೋಕೆ ಹೋದೆ. ಮಾವ ಎಲೆ ಅಡಿಕೆ ತರೋಕೆ ಆಚೆ ಹೋಗಿದ್ದರು. ಆಯೇರಿ ಚೀಲವನ್ನು ಅವಳ ಕೈಗೆ ವಾಪಸ್ ಕೊಡೋಕೆ ನೋಡಿದೆ. "ಕೊಟ್ಟದ್ದನ್ನ ವಾಪಸ್ ಒಯ್ಯತಾರೇನು?" ಅಂದಳು.

ಆಮೇಲೆ ಕೇಳಿದಳು, "ಇದು ನಂದು ಅಂತ ಯಾರ್‍ಯಾರಿಗಿ ಹೇಳೀದಿ?"

"ಯಾರಿಗೂ ಹೇಳಿಲ್ಲಕ್ಕ. ಆಣಿ ಮಾಡಿ ಹೇಳ್ತೀನಿ."

"ಹಂಗಾರ ನಂದಲ್ಲ ಅಂತ ಯಾರಿಗಿ ಹೇಳೀದಿ?"

ಬಸ್ಸು ಬಂತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೀತಿರಲಿಲ್ಲವೇನೋ. ಮನೆ ಮಾತು, ಮನೆಯಲ್ಲೇ ಇರಲಿ ಅಂತ ಬಿಡ್ತಿದ್ದೆ. ಆದರೆ ಕಾರು ಊರು ಬಿಟ್ಟ ಮೇಲೆ ನನ್ನ ಹೆಸರು ಇನ್ನೂ ದೊಡ್ಡದಾಯಿತು. ಸೀಟು ಸರಿ ಇಲ್ಲ ಅಂತ ಕೊಟ್ರೇಶಿ ಅಂಥಾ ಕಾರು ವಾಪಸ್ ಮಾಡಿದನಂತೆ. ಮಾವ ಬಸ್‌ಸ್ಟ್ಯಾಂಡಿನಲ್ಲಿ ಎಲೆ ಅಡಿಕೆ ಅಂಗಡಿಯವನಿಗೆ ಹೇಳಿದ್ದು ಸಂಜೆ ಹೊತ್ತಿಗೆ ಎಲ್ಲ ಕಡೆ ಮುಟ್ಟಿತ್ತು. ಕೊಂಡವನು ಅನ್ನೋದಕ್ಕಿಂತ ವಾಪಸ್ ಕೊಟ್ಟವನು ಅನ್ನೋದಕ್ಕೆ ತೂಕ ಜಾಸ್ತಿ ಅಂತ ನನಗೆ ಅಲ್ಲಿವರೆಗೂ ಗೊತ್ತಿರಲಿಲ್ಲ.

ಅಭಿಪ್ರಾಯಗಳೂ ಬದಲಾದವು. ಮೊನ್ನೆ ಬಯಲಿನಲ್ಲಿ ಆ ಕಾರಿನ ಮುಂದೆ ಬಾಯಿ ಬಿಟ್ಟು ನಿಂತಿದ್ದವರು, ನಾನು ಆವತ್ತೇ ಅಂದೆ, ಸೀಟಿನಲ್ಲಿ ದಮ್ಮಿಲ್ಲ ಅಂತ ಹೇಳೋಕೆ ಶುರು ಮಾಡಿದರು. ಹರಪನಹಳ್ಳಿಯಿಂದ ಪ್ರಸನ್ನ ಫೋನ್ ಮಾಡಿದ. ಬುಕ್ ಮಾಡೋಕೆ ಬಂದಿದ್ದ ಬೋರ್‌ವೆಲ್ ಲಾರಿ ಮಾಲೀಕರೊಬ್ಬರು ಹಿಂದೆ ಸರಿದರಂತೆ. "ಎಲ್ರೂ ಸೀಟ್ ಬಗ್ಗೆನೇ ಕೇಳ್ತಿದ್ದಾರೆ ಸರ್. ಏನಾಯ್ತು ಅಂತ ನೀವೊಂದು ಮಾತು ಹೇಳಬಹುದಾ?" ಅಂದ. ಬೈಯಲಿಲ್ಲ. ಬೈದಿದ್ದರೆ ಹಗುರಾಗ್ತಿತ್ತು.

ಹಾಗಾಗಿ ಇಲ್ಲಿ ಹೇಳ್ತಿದ್ದೇನೆ. ಆ ಕಾರಿನ ಸೀಟು ಚೆನ್ನಾಗಿದೆ. ಫೋಮು ಸರಿಯಿದೆ, ತೊಡೆಗೆ ಆಸರೆ ಇದೆ. ಫೋಟೊ ನೋಡಿ ನಾನು ಕೊಟ್ಟ ತೀರ್ಪು ತಪ್ಪು, ನಾಗರಾಜ ಅಂದದ್ದು ಸರಿ. ಹೊಲಿಗೆ ಬಿಚ್ಚಿದ್ದು ಕಂಪನಿಯಿಂದ ಅಲ್ಲ, ನಮ್ಮವರದೇ ಬೆಲ್ಟಿನಿಂದ.

ಇದನ್ನು ಬರೆಯೋಕೆ ಕೂತಾಗ ಕೈ ನಿಂತದ್ದು ಕಾರಿನ ಕಾರಣಕ್ಕಲ್ಲ, ಅಕ್ಕನ ಕಾರಣಕ್ಕೆ. ಈ ಪತ್ರಿಕೆ ಮಾಗಳಕ್ಕೂ ಹೋಗುತ್ತೆ. ಅಲ್ಲಿ ಈ ಅಂಕಣವನ್ನು ಕಟ್ಟೆ ಮೇಲೆ ಕೂತು ಹತ್ತು ಜನಕ್ಕೆ ಓದಿ ಹೇಳೋರೇ ಮಲ್ಲಪ್ಪ ಮಾವ. ನನ್ನ ನಿಜ ಅಚ್ಚಾದರೆ ಅಕ್ಕನ ಸುಳ್ಳೂ ಅಚ್ಚಾಗುತ್ತೆ. ನಾನು ನಿಜ ಹೇಳಿ ಹಗುರಾಗೋದಕ್ಕೆ ಅವಳ ತಲೆ ಮೇಲೆ ಇನ್ನೊಂದು ಹೊರೆ ಇಡಲೇ? ಪಕ್ಕದ ಮನೆಯವರ ಫೋನಿಗೆ ಮಾಡಿ ಅವಳನ್ನೇ ಕರೆಸಿ ಕೇಳಿದೆ.

"ಬರಿ" ಅಂದಳು.

"ಮಾವನೋರಿಗಿ ಗೊತ್ತಾಗತೈತಲ್ಲಕ್ಕ."

"ಅವರಿಗಿ ಗೊತ್ತೈತಿ. ಹಡಗಲಿ ಬರೂದ್ರೊಳಗ ಬಸ್ಸಿನ್ಯಾಗ ನಾನ ಹೇಳೀನಿ. ನಿಮ್ಮ ಮುಂದ ಸುಳ್ಳಾಡಿದೆ, ತಪ್ಪಾತು ಅಂದೆ."

ಹಾಗಾದರೆ ಮಾವ? ಊರಿನಲ್ಲಿ ಅವರು ಕಂಡಕಂಡವರಿಗೆ ನಾನು ಕಾರು ವಾಪಸ್ ಕೊಟ್ಟ ಕತೆ ಹೇಳ್ತಿದ್ದಾರೆ ಅಂತ ನಾನು ಕೇಳಿದ್ದೆ.

"ಅದು ನಂಗೂ ತಿಳೀವಲ್ದು" ಅಂದಳು ಅಕ್ಕ. "ಬಸ್ಸಿನ್ಯಾಗ ಏನೂ ಅನ್ನಲಿಲ್ಲ ಅವರು. ಮನಿಗಿ ಬಂದ ಮ್ಯಾಲ ಎಲ್ಲಾರ ಮುಂದ ನಾ ಹೇಳಿದ್ದನ್ನ ಅವರೂ ಹೇಳಿದ್ರು. ನೀ ಇದನ್ನ ಬರೀತಿ ಅಂತ ನನಗ ಅನಿಸಿತ್ತು, ನಿನ್ನಿ ಅವರನ್ನ ಕೇಳಿದ್ದೆ. ಬರದ್ರ ಬರೀಲಿ, ಈ ವಾರ ನಾನು ಓದಿ ಹೇಳೂದಿಲ್ಲ ಅಷ್ಟ, ಅಂದ್ರು."

ಫೋನ್ ಇಟ್ಟೆ. ಯಾರ ಹಂಗಿನಲ್ಲೂ ಬದುಕಿದವನಲ್ಲ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಈಗ ನನ್ನನ್ನು ಹಗುರ ತಿಳಿದಿದ್ದ ಮನುಷ್ಯನೇ ನನ್ನ ಮಾನ ಕಾಯೋಕೆ ಸುಳ್ಳು ಹೇಳಿಕೊಂಡು ಓಡಾಡ್ತಿದ್ದಾರೆ. ಅವರು ನನಗೆ ಒಂದು ಮಾತು ಬೈದಿಲ್ಲ. ಅಕ್ಕನನ್ನೂ ಬೈದಿಲ್ಲ. ದೊಡ್ಡವರು ಅಂದರೆ ಹೀಗಿರ್ತಾರೆ ಅಂತ ತಿಳಿಯೋಕೆ ನಾನು ಈ ವಯಸ್ಸಿನವರೆಗೆ ಬರಬೇಕಾಯಿತೇ?

ಅವರು ಓದಿ ಹೇಳೋದು ಬೇಡ. ಈ ವಾರ ಮಾಗಳದ ಕಟ್ಟೆ ಮೇಲೆ ಇದನ್ನು ಬೇರೆ ಯಾರಾದರೂ ಓದಿ ಹೇಳಿ, ಗಟ್ಟಿಯಾಗಿ. ಹಾಲಮ್ಮನ ತಮ್ಮ ಕಾರು ವಾಪಸ್ ಕೊಡಲಿಲ್ಲ. ಕೊಡೋಕೆ ಅವನ ಹತ್ತಿರ ಇರಲೇ ಇಲ್ಲ.

ಇವತ್ತಿಗೆ ನನ್ನ ಹತ್ತಿರ ಇರೋದು ಎರಡು ಹೊಲಿಗೆ ಮಷಿನ್ನು, ಒಂದು ಕತ್ತರಿಸೋ ಟೇಬಲ್ಲು, ಶೀಟು ಹೊದಿಸಿದ ಒಂದು ಅಂಗಡಿ, ಎರಡು ಕೋಣೆಯ ಮನೆ, ಒಂದು ಹಳೇ ಸ್ಕೂಟರು. ಕಾರು ಇಲ್ಲ.